ಬರಲಿರುವ ದೀಪ

ವಸ್ತುವೊಂದು ಕೈಸೇರುವುದಕ್ಕೆ ಮೊದಲು ಅದಕ್ಕಾಗಿ ಕಾದಿರುವ ಕಾಲವುಂಟಷ್ಟೆ. ಅದನ್ನೂ ಆ ವಸ್ತುವಿನ ಆಯುಸ್ಸಿನಲ್ಲಿಯೇ ಸೇರಿಸಿ ಎಣಿಸಬೇಕೆಂದು ನನ್ನ ಮತ. ಹಬ್ಬದ ಬಟ್ಟೆ ದರ್ಜಿಯ ಅಂಗಡಿಯಲ್ಲಿರುವಾಗ ಅದಕ್ಕಿರುವ ಹೊಳಪು, ಮೈಮೇಲೆ ಬಂದ ಎರಡನೆಯ ದಿನಕ್ಕೇ ಮಾಸುತ್ತದೆ. ಮಾವಿನಮಿಡಿ ಭರಣಿಯಲ್ಲಿ ಕಳಿಯುತ್ತಿರುವಾಗ ನಾಲಗೆಯು ಊಹಿಸುವ ರುಚಿ, ಎಲೆಯ ತುದಿಗೆ ಬಿದ್ದ ಮೇಲೆ ಅಷ್ಟಾಗಿ ಉಳಿಯುವುದಿಲ್ಲ. ಸಂಸಾರಸ್ಥರಾದ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಪ್ರತೀಕ್ಷೆಗೂ ಒಂದು ವಯಸ್ಸುಂಟೆಂದು ಲೋಕದ ಅಭಿಪ್ರಾಯ. ಹುಡುಗನು ಹೊಸ ಚೆಂಡಿಗಾಗಿ ಬಾಗಿಲು ಕಾದರೆ ಚೆಂದ. ಅರುವತ್ತು ತುಂಬಿದ ನಿವೃತ್ತ ಉಪಾಧ್ಯಾಯನು ಸಾಮಾನು ತರುವವನ ದಾರಿಯನ್ನು ನೋಡುತ್ತ ಜಗುಲಿಯಲ್ಲಿ ಕುಳಿತರೆ ನಗೆಗೀಡು. ಹಾಗಿದ್ದರೂ ನಾನು ಈಗ ಕಾಯುತ್ತಿರುವುದು ಸತ್ಯ. ಕಾಯುತ್ತಿರುವುದು ಒಂದು ದೀಪಕ್ಕಾಗಿ.

ಇದು ಕೈಯಲ್ಲಿ ಹಿಡಿಯುವ ದೀಪವಲ್ಲ; ಅಗಲವಾದ ಒಂದು ಪಟ್ಟಿಯಿಂದ ತಲೆಗೆ ಬಿಗಿದುಕೊಳ್ಳುವಂಥದು. ಬೆಟ್ಟ ಹತ್ತುವವರೂ ಕಾಡಿನಲ್ಲಿ ಡೇರೆ ಹಾಕಿ ತಂಗುವವರೂ ಬಳಸತಕ್ಕದ್ದು. ಮುಂದಿನ ತಿಂಗಳು ಮಾರಾಟಕ್ಕೆ ಬರುವುದೆಂದು ತಯಾರಕರು ಪ್ರಕಟಿಸಿದ್ದಾರೆ. ತೂಕ ಸುಮಾರು 60 ಗ್ರಾಂ, ಎಂದರೆ ನಡುಗಾತ್ರದ ಒಂದು ನಿಂಬೆಯ ಹಣ್ಣಿನಷ್ಟು. ಬೆಳಕು 400 ಲ್ಯೂಮನ್. ಒಳಗೇ ಇರುವ ಪುಟ್ಟ ಬ್ಯಾಟರಿಗೆ, ದೂರವಾಣಿಗೆ ಹಚ್ಚುವ ತಂತಿಯಿಂದಲೇ ವಿದ್ಯುತ್ತು ತುಂಬಬಹುದು. ಬಿಳಿಯ ಬೆಳಕಲ್ಲದೆ ಕೆಂಪು ಬೆಳಕೂ ಉಂಟು. ಮಗಳು ಇದರ ಚಿತ್ರವನ್ನು ತೋರಿಸಿದಳು. ನಾನು ಎರಡಕ್ಕೆ ಮುಂಗಡವಾಗಿ ಹೇಳಿಟ್ಟೆ. ಅಂಗಡಿಯವರು ಇದನ್ನು ಹೆಡ್‌ಲ್ಯಾಂಪ್ ಎನ್ನುತ್ತಾರೆ. ಸಂಸ್ಕೃತದ ಅಭ್ಯಾಸಬಲದಿಂದ ನಾನು ‘ಶಿರೋದೀಪ’ವೆಂದೆ. ನನ್ನ ಮನೆಯಾಕೆ ಚಿತ್ರವನ್ನು ಒಂದು ಸಲ ನೋಡಿ ‘ಹಣೆದೀಪ’ವೆಂದಳು. ದೀಪವಿರುವುದು ಹಣೆಯ ಮೇಲೆಯೇ ಆದುದರಿಂದ ಆಕೆಯ ಹೆಸರೇ ಸಾಧುವೆಂದು ಒಪ್ಪಿ ಇಲ್ಲಿ ಅದನ್ನೇ ಬಳಸುತ್ತೇನೆ.

ನಮ್ಮ ಮನೆಗಳು ಕಂಡಿರುವ ದೀಪಗಳು ಅನೇಕ. ದೇವರ ಮುಂದಿನ ಹಣತೆ, ಅಡಿಗೆಮನೆಯ ಗೂಡಿನ ಸೀಮೆಎಣ್ಣೆ ಬುಡ್ಡಿ, ಹಜಾರದ ಲಾಂದ್ರ, ಉತ್ತರದ ಕಡೆಯ ಕಂದೀಲು, ಮೆರವಣಿಗೆಯ ಪಂಜು, ಮಲೆನಾಡಿನವರು ಒಣಗರಿಯನ್ನು ಕಟ್ಟಿ ಬೀಸುತ್ತ ನಡೆಯುತ್ತಿದ್ದ ಸೂಡಿ, ಕೊನೆಗೆ ಹಳ್ಳಿಯವರು ಬ್ಯಾಟರಿಯೆಂದೇ ಕರೆಯುವ ಟಾರ್ಚು. ಇವುಗಳಲ್ಲಿ ನಿಂತಲ್ಲಿ ನಿಲ್ಲುವವು ಕೆಲವು, ಮನುಷ್ಯನೊಡನೆ ನಡೆಯುವವು ಕೆಲವು. ನಡೆಯುವ ದೀಪಗಳಿಗೆಲ್ಲ ಸಮಾನವಾದ ಒಂದು ದೋಷವುಂಟು: ಅವು ಬೆಳಕನ್ನು ಕೊಟ್ಟು ಕೈಯೊಂದನ್ನು ಕಿತ್ತುಕೊಳ್ಳುತ್ತವೆ. ದೀಪ ಹಿಡಿದವನು ಒಂಟಿಗೈಯವನು. ಅವನು ಕೊಡವನ್ನು ಸೊಂಟಕ್ಕೇರಿಸಲಾರ, ಕರುವಿನ ಹಗ್ಗವನ್ನು ಬಿಚ್ಚಲಾರ, ಎಡವಿದಾಗ ಎರಡು ಕೈಯನ್ನೂ ನೆಲಕ್ಕೆ ಊರಲಾರ. ಹೊತ್ತು ಮುಳುಗಿದ ಮೇಲೆ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬನು ದೀಪ ಹಿಡಿಯುವುದಕ್ಕೇ ಮೀಸಲಾಗುತ್ತಿದ್ದನು. ಆ ಉದ್ಯೋಗವು ಸಾಮಾನ್ಯವಾಗಿ ಮನೆಯ ಮಕ್ಕಳ ಪಾಲಿಗೆ ಬರುತ್ತಿತ್ತು.

ದೀಪವನ್ನು ತಲೆಗೆ ಏರಿಸಿದವರು ಮೊದಲಿಗೆ ಗಣಿಯವರು. ಎರಡು ಕೈಯಿಂದಲೂ ಕಲ್ಲನ್ನು ಒಡೆಯಬೇಕಾದವನಿಗೆ ಮೂರನೆಯ ಕೈ ಎಲ್ಲಿಯದು? ಮೊದಲು ಟೋಪಿಗೆ ಸಿಕ್ಕಿಸಿದ ಎಣ್ಣೆಯ ದೀಪ, ಅನಂತರ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿ ಹುಟ್ಟುವ ಅನಿಲವನ್ನು ಉರಿಸುವ ದೀಪ, ಆ ಬಳಿಕ ವಿದ್ಯುದ್ದೀಪ, ಹೀಗೆ ಅದು ಬೆಳೆಯಿತು. ಅಮೆರಿಕದ ಎಡಿಸನ್ ಮಹಾಶಯನು 1914ರಲ್ಲಿ ಗಣಿಗಾರರ ಟೋಪಿಗೆ ತಕ್ಕ ವಿದ್ಯುದ್ದೀಪವನ್ನು ಸಿದ್ಧಪಡಿಸಿದನು. ಅದರ ಬ್ಯಾಟರಿಯು ನಡುಪಟ್ಟಿಯಲ್ಲಿ ತೂಗುತ್ತಿತ್ತು. ನಮ್ಮ ಸೀಮೆಯಲ್ಲಿಯೂ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದುದು ಬೀದಿಗಳಿಗಲ್ಲ, ಕೋಲಾರದ ಚಿನ್ನದ ಗಣಿಗಳಿಗೆ, ಅದು 1902ರಲ್ಲಿ. ಬೆಂಗಳೂರಿನ ಬೀದಿಗಳು ಅದರ ಬೆಳಕನ್ನು ಕಂಡುದು 1905ರಲ್ಲಿ. ನೆಲದ ಮೇಲಿನವರಿಗಿಂತ ನೆಲದೊಳಗಿನವರ ಕತ್ತಲೆಗೆ ಬೆಲೆ ಹೆಚ್ಚಾಗಿದ್ದ ಕಾಲವದು.

ಗಣಿಯವರಿಂದ ಈ ವಿದ್ಯೆಯು ಗುಹೆಗಳನ್ನು ಹುಡುಕುವವರಿಗೆ ಬಂದಿತು. ಫ್ರಾನ್ಸಿನ ಫರ್ನಾಂಡ್ ಪೆಟ್ಜ್ಲ್ ಎಂಬುವರು ಅಂಥ ಗುಹಾನ್ವೇಷಕರಲ್ಲಿ ಪ್ರಸಿದ್ಧರು. ಅವರ ಸಂಸ್ಥೆಯು 1981ರಲ್ಲಿ ಹೊರತಂದ ‘ಜೂಮ್’ ಎಂಬ ದೀಪದಲ್ಲಿ ಬಲ್ಬೂ ಬ್ಯಾಟರಿಯೂ ಎರಡೂ ತಲೆಯ ಪಟ್ಟಿಯಲ್ಲಿಯೇ ಅಡಕವಾಗಿದ್ದುವು. ಅದೇ ಸಂಸ್ಥೆಯು 2000ದಲ್ಲಿ ಎಲ್‌ಇಡಿಯ ಮೂರು ಚುಕ್ಕೆಗಳನ್ನಿಟ್ಟು ‘ಟಿಕ್ಕಾ’ ಎಂಬ ಸಣ್ಣ ದೀಪವನ್ನು ಮಾಡಿತು. ಹಣೆಯ ಮೇಲಿಡುವ ವಸ್ತುವಿಗೆ ಟಿಕ್ಕಾ ಎಂಬ ಹೆಸರು ನಮ್ಮ ಕಿವಿಗೆ ಬಹಳ ಒಪ್ಪುತ್ತದೆ. ಅಲ್ಲಿಂದ ಈಚೆಗೆ ಹಣೆದೀಪವು ಗಣಿಯ ಸಾಧನವಾಗಿ ಮಾತ್ರ ಉಳಿಯದೆ ಯಾತ್ರಿಕನ ಚೀಲದ ಸಾಮಾನಾಯಿತು.

ಈ ಎಲ್‌ಇಡಿಯ ಚರಿತ್ರೆಯನ್ನು ಓದಿದಾಗ ನನ್ನ ಮನಸ್ಸು ಆರ್ದ್ರವಾಯಿತು. ಇಂಗ್ಲೆಂಡಿನ ರೌಂಡ್ ಎಂಬಾತನು 1907ರಲ್ಲಿ, ಕಲ್ಲಿನ ಹರಳೊಂದಕ್ಕೆ ವಿದ್ಯುತ್ತನ್ನು ತಾಕಿಸಿದಾಗ ಅದು ಕಾಯದೆಯೇ ಮಿನುಗಿದುದನ್ನು ಕಂಡು ಕೆಲವೇ ಸಾಲುಗಳಲ್ಲಿ ಬರೆದಿಟ್ಟನು. ರಷ್ಯದ ಒಲೆಗ್ ಲೋಸೆವ್ ಎಂಬ ಯುವಕನು 1920ರ ದಶಕದಲ್ಲಿ ಅದನ್ನು ಕ್ರಮವಾಗಿ ಪರೀಕ್ಷಿಸಿ ಲೇಖನಗಳನ್ನು ಬರೆದನು. ಲೆನಿನ್‌ಗ್ರಾಡ್ ನಗರವನ್ನು ಶತ್ರುಸೈನ್ಯವು ಮುತ್ತಿದ್ದಾಗ, 1942ರಲ್ಲಿ, ಅನ್ನವಿಲ್ಲದೆ ಆತನು ಸತ್ತನು. ಆಗ ಅವನಿಗೆ ನಲವತ್ತು ಕೂಡ ತುಂಬಿರಲಿಲ್ಲ. ಮುಂದೆ 1962ರಲ್ಲಿ ಅಮೆರಿಕದ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಮಾಡಿದನು. ಹಸುರೂ ಬಂದಿತು. ಆದರೆ ನೀಲಿ ಬೆಳಕು ದೊರೆಯದೆ ಬಿಳಿಯ ಬೆಳಕಿಲ್ಲ; ಆ ನೀಲಿಗಾಗಿ ಲೋಕವು ಮೂವತ್ತು ವರ್ಷ ಕಾಯಬೇಕಾಯಿತು. ಜಪಾನಿನ ಅಕಾಸಾಕಿ, ಅಮಾನೊ, ನಾಕಾಮುರ ಎಂಬ ಮೂವರು ಗ್ಯಾಲಿಯಂ ನೈಟ್ರೈಡ್ ಎಂಬ ಪದಾರ್ಥದ ಹರಳನ್ನು ಪಳಗಿಸಿ ಅದನ್ನು ಸಾಧಿಸಿದರು. 2014ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು. ನೀಲಿ ಹರಳಿನ ಮೇಲೆ ಹಳದಿಯ ಬೆಳಕನ್ನು ಸೂಸುವ ಪುಡಿಯನ್ನು ಲೇಪಿಸಿದರೆ, ನೀಲಿಯೂ ಹಳದಿಯೂ ಬೆರೆತು ಕಣ್ಣಿಗೆ ಬಿಳಿಯಾಗಿ ತೋರುತ್ತದೆ. ನಮ್ಮ ಮನೆಯ ದೀಪಗಳ ಬಿಳುಪಿನ ಗುಟ್ಟು ಇಷ್ಟೆ. ಒಂದು ಬೆಳಕಿಗಾಗಿ ಇಷ್ಟು ಜನ, ಇಷ್ಟು ವರ್ಷ ಕಾದಿರುವಾಗ ನಾನು ಒಂದು ತಿಂಗಳು ಕಾಯುವುದು ಯಾವ ದೊಡ್ಡ ಮಾತು?

ಹಳೆಯ ಬಲ್ಬಿಗೂ ಇದಕ್ಕೂ ಇರುವ ಭೇದವು ಮೂಲಭೂತವಾದುದು. ಹಣತೆಯಾಗಲಿ ಬಲ್ಬಾಗಲಿ, ಮೊದಲು ಬಿಸಿಯಾಗಿ ಆ ಮೇಲೆ ಬೆಳಗತಕ್ಕದ್ದು. ಹಳೆಯ ಬಲ್ಬಿನಲ್ಲಿ ತಂತಿಯು ಕಾದು ಕೆಂಡವಾಗುತ್ತಿತ್ತು. ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ಐದರಷ್ಟು ಮಾತ್ರ ಬೆಳಕಾಗಿ, ಉಳಿದುದೆಲ್ಲ ಕಾವಾಗಿ ಪೋಲಾಗುತ್ತಿತ್ತು. ಎಲ್‌ಇಡಿಯಲ್ಲಿ ಕಾಯಬೇಕಾದ ತಂತಿಯೇ ಇಲ್ಲ. ಹರಳಿನ ಒಂದು ಮಗ್ಗುಲಿನಲ್ಲಿ ಎಲೆಕ್ಟ್ರಾನುಗಳು ಹೆಚ್ಚಾಗಿರುತ್ತವೆ. ಇನ್ನೊಂದು ಮಗ್ಗುಲಿನಲ್ಲಿ ಅವಕ್ಕೆ ತೆರವಾದ ಸ್ಥಾನಗಳಿರುತ್ತವೆ. ವಿದ್ಯುತ್ತು ಹರಿದಾಗ ಎಲೆಕ್ಟ್ರಾನು ಗಡಿಯನ್ನು ದಾಟಿ ತೆರವಾದ ಸ್ಥಾನಕ್ಕೆ ಇಳಿಯುತ್ತದೆ. ಇಳಿಯುವಾಗ ಬಿಟ್ಟುಕೊಡುವ ಶಕ್ತಿಯೇ ಬೆಳಕು. ಒಂದು ವ್ಯಾಟಿಗೆ ಹಳೆಯ ಬಲ್ಬು ಹದಿನೈದು ಲ್ಯೂಮನ್ ಕೊಡುವುದು ಕಷ್ಟ. ಇದು ನೂರನ್ನು ಸಲೀಸಾಗಿ ಮೀರುತ್ತದೆ. ನಿಂಬೆಯ ಹಣ್ಣಿನಷ್ಟು ತೂಕದ ದೀಪವು ಬೆಟ್ಟದ ದಾರಿಯನ್ನು ತೋರಿಸಬಲ್ಲುದಾದುದು ಈ ಮಿತವ್ಯಯದಿಂದ.

ಕಾಳಿದಾಸನು ಕುಮಾರಸಂಭವದ ಮೊದಲನೆಯ ಸರ್ಗದಲ್ಲಿ ಹಿಮಾಲಯವನ್ನು ವರ್ಣಿಸುವಾಗ, ಅಲ್ಲಿನ ಗುಹೆಗಳಲ್ಲಿ ರಾತ್ರಿಯ ಹೊತ್ತು ತಾವಾಗಿ ಬೆಳಗುವ ಓಷಧಿಗಳನ್ನು ಹೇಳಿ, ಅವು ವನವಾಸಿ ದಂಪತಿಗಳಿಗೆ ಎಣ್ಣೆ ಹೊಯ್ಯಬೇಕಿಲ್ಲದ ದೀಪಗಳಾದುವೆಂದಿದ್ದಾನೆ. ಈ ಭಾಗವನ್ನು ಎಷ್ಟೋ ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೇನೆ. ಎಣ್ಣೆಯಿಲ್ಲದ ದೀಪವೆಂದರೆ ಅದು ಕವಿಕಲ್ಪನೆಯೆಂದು ಹುಡುಗರು ನಗುತ್ತಿದ್ದರು. ಈಗ ಅವರ ಮೊಮ್ಮಕ್ಕಳ ಆಟದ ಸಾಮಾನಿನಲ್ಲಿಯೂ ಎಣ್ಣೆಯಿಲ್ಲದ, ಬತ್ತಿಯಿಲ್ಲದ ದೀಪವಿದೆ. ಆ ಹಿಮಾಲಯಕ್ಕೇ ಇಂಥ ದೀಪವನ್ನು ಹಣೆಗೆ ಕಟ್ಟಿಕೊಂಡು ನಾವು ದಂಪತಿಗಳು ಹೊರಡಬೇಕೆಂಬುದು ಈಗಿನ ನನ್ನ ಸಂಕಲ್ಪ.

ಇಲ್ಲಿ ವಿಷಯದ ತಿರುಳಿಗೆ ಬರುತ್ತೇನೆ. ಗಢವಾಲದಲ್ಲಿ ತುಂಗನಾಥವೆಂಬ ಕ್ಷೇತ್ರವಿದೆ, ಪಂಚಕೇದಾರಗಳಲ್ಲಿ ಒಂದು. ಸಮುದ್ರಮಟ್ಟದಿಂದ ಸುಮಾರು 3,680 ಮೀಟರು ಎತ್ತರ. ಚೋಪ್ತಾ ಎಂಬಲ್ಲಿಯ ತನಕ ವಾಹನ ಹೋಗುತ್ತದೆ. ಅಲ್ಲಿಂದ ನಾಲ್ಕು ಕಿಲೋಮೀಟರಿಗೆ ತುಸು ಕಡಮೆಯಾದ, ಕಲ್ಲು ಹಾಸಿದ ಏರುದಾರಿ. ದೇವಸ್ಥಾನದಿಂದ ಇನ್ನೂ ಮೇಲಕ್ಕೆ ಕಡಿದಾದ ಕಾಲುದಾರಿಯಲ್ಲಿ ಹತ್ತಿದರೆ ಚಂದ್ರಶಿಲಾ ಎಂಬ ಶಿಖರ. ಅದು ಹತ್ತಿರ ಹತ್ತಿರ 4,000 ಮೀಟರು. ಅಲ್ಲಿ ನಿಂತರೆ ಚೌಖಂಬಾ, ಕೇದಾರ, ತ್ರಿಶೂಲ, ನಂದಾದೇವಿ ಮುಂತಾದ ಹಿಮಶಿಖರಗಳು ಕಾಣುತ್ತವೆ. ಅವುಗಳ ಮೇಲೆ ಮೊದಲ ಬಿಸಿಲು ಬೀಳುವುದನ್ನು ನೋಡಬೇಕಾದರೆ ಬೆಳಗಿನ ಜಾವಕ್ಕಿಂತ ಮುಂಚೆ, ಗಾಢಾಂಧಕಾರದಲ್ಲಿ, ಚೋಪ್ತಾದಿಂದ ಹೊರಡಬೇಕು. ಈ ಆಶ್ವಯುಜದಲ್ಲಿ ಮಗಳೂ ಅಳಿಯನೂ ನಮ್ಮನ್ನು ಅಲ್ಲಿಗೆ ಕರೆದೊಯ್ಯುವುದಾಗಿ ನಿಶ್ಚಯಿಸಿದ್ದಾರೆ. ವೈದ್ಯರು ನಮ್ಮಿಬ್ಬರನ್ನೂ ಪರೀಕ್ಷಿಸಿ, ನಿಧಾನವಾಗಿ ಹತ್ತುವುದಾದರೆ ಅಡ್ಡಿಯಿಲ್ಲವೆಂದಿದ್ದಾರೆ.

ಅಡ್ಡಿಯಿದ್ದುದು ಬೇರೆಡೆ. ಎರಡು ವರ್ಷದ ಹಿಂದೆ ಕಾರ್ತಿಕದ ಒಂದು ಸಂಜೆ ನನ್ನ ಪತ್ನಿಯು ದೇವಸ್ಥಾನದ ಮೆಟ್ಟಿಲಿಳಿಯುವಾಗ ವಿದ್ಯುತ್ತು ನಿಂತಿತು. ಕೈಯಲ್ಲಿ ಪೂಜೆಯ ತಟ್ಟೆ. ಕಡೆಯ ಮೆಟ್ಟಿಲೆಂದು ಭಾವಿಸಿ ಕಾಲಿಟ್ಟದ್ದು ಕಡೆಯ ಮೆಟ್ಟಿಲಾಗಿರಲಿಲ್ಲ. ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಕಟ್ಟು ಹಾಕಿಸಿಕೊಂಡಿದ್ದಳು. ಎಲುಬು ಕೂಡಿತು, ಆದರೆ ಕತ್ತಲೆಯೊಡನೆ ಆಕೆಗಿದ್ದ ಸ್ನೇಹ ಕೂಡಲಿಲ್ಲ. ದೀಪ ಹಚ್ಚುವ ಹೊತ್ತಾದರೆ ಹೊಸ್ತಿಲನ್ನು ದಾಟುವುದಿಲ್ಲ. ನೆರೆಮನೆಯ ಆರತಿ ಅಕ್ಷತೆಗೂ ಹಗಲಿನಲ್ಲಿಯೇ ಹೋಗಿ ಬರುತ್ತಾಳೆ. ನಮ್ಮಿಬ್ಬರಿಗೂ ಮೂವತ್ತು ವರ್ಷದ ವಾಡಿಕೆಯಾಗಿದ್ದ ಊಟದ ನಂತರದ ತಿರುಗಾಟವು ಅಂದಿನಿಂದ ನಿಂತಿದೆ. ತುಂಗನಾಥಕ್ಕೆ ಬರಲು ಆಕೆ ಒಪ್ಪಿದಳು, ಚಂದ್ರಶಿಲೆಯ ಮಾತೆತ್ತಿದಾಗ ಮಾತ್ರ, “ನೀವು ಮಕ್ಕಳೊಡನೆ ಹೋಗಿ ಬನ್ನಿ. ನಾನು ಬೆಳಕು ಹರಿದ ಮೇಲೆ ದೇವಸ್ಥಾನದ ತನಕ ಬರುತ್ತೇನೆ” ಎಂದಳು. ಅದರಲ್ಲಿ ಕೋಪವಿರಲಿಲ್ಲ, ದುಃಖವೂ ಇರಲಿಲ್ಲ. ಅಂಥ ಮಾತಿಗೆ ಪ್ರತಿವಾದವಿಲ್ಲ.

ಆಕೆಯ ಭಯಕ್ಕೆ ಆಧಾರವುಂಟು. ವಯಸ್ಸಾದಂತೆ ಕಣ್ಣಿನ ಪಾಪೆಯು ಕತ್ತಲೆಯಲ್ಲಿ ಮೊದಲಿನಷ್ಟು ಅಗಲವಾಗಿ ತೆರೆಯುವುದಿಲ್ಲ. ಒಳಗಿನ ಮಸೂರವು ಹಳದಿಯಾಗುತ್ತದೆ. ಇಪ್ಪತ್ತರ ಕಣ್ಣಿನ ಒಳಪರದೆಗೆ ತಲಪುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಅರುವತ್ತರ ಕಣ್ಣಿನ ಒಳಪರದೆಗೆ ತಲಪುವುದೆಂದು ನೇತ್ರಶಾಸ್ತ್ರಜ್ಞರ ಗಣನೆ. ಮಕ್ಕಳು “ಸಾಕಷ್ಟು ಬೆಳಕಿದೆಯಲ್ಲ” ಎನ್ನುವಲ್ಲಿ ನಮಗೆ ಮಬ್ಬು ಕಾಣುವುದು ಹಟದಿಂದಲ್ಲ. ಇದರ ಮೇಲೆ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಟಾರ್ಚು ಎಂದಾದರೆ, ಹಿಡಿದುಕೊಳ್ಳುವುದಕ್ಕೆ ಕೈಯೆಲ್ಲಿ ಉಳಿಯಿತು? ಹಣೆದೀಪದಲ್ಲಿ ನನಗೆ ಮುಖ್ಯವಾಗಿ ಕಂಡುದು ಲ್ಯೂಮನ್ನುಗಳಲ್ಲ. ಒಂದು ಕೈ ಕೋಲಿಗೆ, ಇನ್ನೊಂದು ಕೈ ಜೊತೆಯವರಿಗೆ ಎಂಬ ಅನುಕೂಲವೇ ಮುಖ್ಯ. ಎರಡು ದೀಪಕ್ಕೆ ಹೇಳಿಟ್ಟಿದ್ದರ ಅಭಿಪ್ರಾಯ ಇದು. ಅದನ್ನು ಬಾಯಿಬಿಟ್ಟು ಹೇಳದೆ, “ಒಂದು ಕೆಟ್ಟರೆ ಇನ್ನೊಂದಿರಲಿ” ಎಂದೆ. ಆಕೆ ನನ್ನ ಮುಖವನ್ನು ನೋಡಿ ಸುಮ್ಮನಾದಳು.

ಕೊಳ್ಳುವ ಮುನ್ನ ಪ್ರಕಟಣೆಯ ಅಂಕಿಗಳಿಗೆ ಅರ್ಥ ಹುಡುಕಿದೆ. ಶಾಸ್ತ್ರಗ್ರಂಥಕ್ಕೆ ಬೇಕಾದಂತೆ ಬೆಲೆಪಟ್ಟಿಗೂ ಒಂದು ವ್ಯಾಖ್ಯಾನ ಬೇಕು. ಲ್ಯೂಮನ್ ಎಂದರೆ ದೀಪದಿಂದ ಹೊರಡುವ ಒಟ್ಟು ಬೆಳಕಿನ ಅಳತೆ. ಒಂದು ಮೇಣದ ಬತ್ತಿಯದು ಸುಮಾರು ಹನ್ನೆರಡು. ಹಾಗಾದರೆ 400 ಲ್ಯೂಮನ್ನೆಂದರೆ ಮೂವತ್ತಕ್ಕೆ ಮೇಲ್ಪಟ್ಟು ಮೇಣದ ಬತ್ತಿಗಳು. ಬೆಳಕು ಇಷ್ಟು ಮೀಟರು ದೂರ ಹೋಗುತ್ತದೆಂದು ಬರೆದಿರುವುದನ್ನು ಅಲ್ಲಿಯ ತನಕ ಹಗಲಿನಂತೆ ಕಾಣುವುದೆಂದು ತಿಳಿಯಬಾರದು. ದೀಪದ ಬೆಳಕು ಹುಣ್ಣಿಮೆಯ ಬೆಳದಿಂಗಳಿನಷ್ಟಕ್ಕೆ ಕ್ಷೀಣಿಸುವ ದೂರವದು. ದೂರ ಎರಡರಷ್ಟಾಗಬೇಕಾದರೆ ದೀಪದ ತೀಕ್ಷ್ಣತೆ ನಾಲ್ಕರಷ್ಟಾಗಬೇಕೆಂಬುದು ಬೆಳಕಿನ ನಿಯಮ. ಇಷ್ಟು ಗಂಟೆ ಉರಿಯುತ್ತದೆಂಬುದಕ್ಕೂ ಪರಿಭಾಷೆಯುಂಟು: ಮೊದಲಿದ್ದ ಬೆಳಕಿನ ಹತ್ತನೆಯ ಒಂದು ಭಾಗಕ್ಕೆ ಇಳಿಯುವ ತನಕದ ಕಾಲವನ್ನೆಲ್ಲ ಅದರಲ್ಲಿ ಎಣಿಸಿರುತ್ತಾರೆ. ಪೂರ್ಣಪ್ರಕಾಶದಲ್ಲಿ ಸಣ್ಣ ದೀಪವು ಬೇಗನೆ ಬಿಸಿಯಾಗುವುದರಿಂದ ಕೆಲವು ನಿಮಿಷಗಳಲ್ಲಿಯೇ ತಾನಾಗಿ ತಗ್ಗುವುದುಂಟು. ನಡೆಯುವ ಕಾಲಿಗೆ ನೂರು ಲ್ಯೂಮನ್ ಸಾಕು, ನಾನೂರು ಆಪತ್ಕಾಲಕ್ಕೆ. ‘ಐಪಿಎಕ್ಸ್ 4’ ಎಂದಿದ್ದರೆ ಎರಚುವ ನೀರನ್ನು ತಡೆಯುತ್ತದೆ. ‘7’ ಎಂದಿದ್ದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಕೆಡುವುದಿಲ್ಲ.

ಕೆಂಪು ಬೆಳಕಿನ ಉಪಯೋಗವೇನೆಂದು ಆಕೆಯೇ ಕೇಳಿದಳು. ಕಣ್ಣು ಕತ್ತಲೆಗೆ ಚೆನ್ನಾಗಿ ಒಗ್ಗುವುದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಕ್ಷಣದ ಬಿಳಿಯ ಬೆಳಕು ಆ ಸಿದ್ಧತೆಯನ್ನೆಲ್ಲ ಹಾಳುಮಾಡುತ್ತದೆ. ಕತ್ತಲೆಯಲ್ಲಿ ಕಾಣುವ ಕಣ್ಣಿನ ಭಾಗಕ್ಕೆ ಕೆಂಪು ಬೆಳಕು ಹೆಚ್ಚಾಗಿ ತಾಕುವುದಿಲ್ಲವಾದುದರಿಂದ, ಮಂದವಾದ ಕೆಂಪು ಬೆಳಕಿನಲ್ಲಿ ಚೀಲ ತಡಕಿ ಆರಿಸಿದರೂ ಆಕಾಶದ ನಕ್ಷತ್ರಗಳು ಕಣ್ಣಿನಿಂದ ಓಡಿಹೋಗುವುದಿಲ್ಲ. ಮಲಗಿದ್ದವರ ನಿದ್ದೆಯೂ ಕೆಡುವುದಿಲ್ಲ. “ಹಾಗಾದರೆ ನೀವು ರಾತ್ರಿ ಎದ್ದು ಪುಸ್ತಕ ಹುಡುಕುವುದಕ್ಕೆ ಇದು ಮನೆಯಲ್ಲಿಯೂ ಬೇಕು” ಎಂದಳು.

ಬರಲಿರುವ ವಸ್ತುವಿನ ಗುಣವನ್ನು ಮಾತ್ರ ಹೇಳುವುದು ವರಾನ್ವೇಷಣೆಯ ದಲ್ಲಾಳಿಯ ಲಕ್ಷಣ, ದೋಷವನ್ನೂ ಹೇಳುತ್ತೇನೆ. ಹಣೆದೀಪ ಕಟ್ಟಿಕೊಂಡವನು ಮಾತಾಡುವಾಗ ಎದುರಿನವನ ಮುಖವನ್ನು ನೋಡಿದನೆಂದರೆ ಅವನ ಕಣ್ಣು ಕೋರೈಸುತ್ತದೆ. ಆದುದರಿಂದ ದೀಪವನ್ನು ಕೆಳಕ್ಕೆ ಬಾಗಿಸಿ, ನೆಲವನ್ನು ನೋಡುತ್ತ ಮಾತಾಡುವ ವಿನಯವನ್ನು ಕಲಿಯಬೇಕು. ಬೆಳಕು ಕಣ್ಣಿನ ಹತ್ತಿರದಿಂದಲೇ ಹೊರಡುವುದರಿಂದ ಕಲ್ಲುಗಳ ನೆರಳು ಕಲ್ಲುಗಳ ಹಿಂದೆಯೇ ಅಡಗಿ, ಉಬ್ಬುತಗ್ಗುಗಳು ಚಪ್ಪಟೆಯಾಗಿ ತೋರುತ್ತವೆ. ಮಂಜಿನಲ್ಲಿಯಂತೂ ಬೆಳಕು ಹಿಂದಕ್ಕೆ ಹೊಡೆದು ಎದುರಿಗೆ ಬಿಳಿಯ ಗೋಡೆ ನಿಲ್ಲುತ್ತದೆ. ಆಗ ದೀಪವನ್ನು ತಲೆಯಿಂದ ತೆಗೆದು ಸೊಂಟದ ಮಟ್ಟದಲ್ಲಿ ಹಿಡಿಯುವುದೇ ಉಪಾಯ. ಚಳಿಯಲ್ಲಿ ಇದರ ಬ್ಯಾಟರಿಯು ಬೇಗ ಕುಗ್ಗುವುದರಿಂದ ರಾತ್ರಿ ಅದನ್ನು ಹೊದಿಕೆಯೊಳಗೆ ಬೆಚ್ಚಗೆ ಇಟ್ಟುಕೊಳ್ಳಬೇಕು. ಇನ್ನು ಹುಳುಹುಪ್ಪಡಿಗಳು. ಪತಂಗವು ದೀಪದ ಮೇಲಿನ ಮೋಹದಿಂದ ಬಂದು ಬೀಳುವುದೆಂದು ನಮ್ಮ ಕವಿಗಳೆಲ್ಲರೂ ಹಾಡಿದ್ದಾರೆ. 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದರಿಂದ ತಿಳಿದುಬಂದುದು ಬೇರೆ: ಹಾರುವ ಕೀಟಗಳು ಬೆಳಕಿರುವ ಕಡೆಗೆ ಬೆನ್ನನ್ನು ತಿರುಗಿಸಿಕೊಳ್ಳುತ್ತವೆ, ಬೆಳಕು ಆಕಾಶದಿಂದ ಬರುತ್ತಿದ್ದರೆ ಇದರಿಂದ ಮೇಲು ಕೆಳಗು ತಿಳಿಯುತ್ತದೆ, ದೀಪದ ಹತ್ತಿರವಾದರೆ ಹಾರುವ ಹಾದಿಯು ಸೊಟ್ಟಗಾಗಿ ಸುತ್ತಿಕೊಳ್ಳುತ್ತದೆ. ಪಾಪ, ಅವು ಮೋಹಿಸಿ ಬಂದುವಲ್ಲ, ದಿಕ್ಕು ತಪ್ಪಿ ಸಿಕ್ಕಿಕೊಂಡವು. ಹಣೆಯ ಮೇಲೆ ದೀಪವಿಟ್ಟವನ ಮುಖಕ್ಕೆ ಅವು ಮುತ್ತುವುದು ಮಾತ್ರ ತಪ್ಪುವುದಿಲ್ಲ.

ಕಾಳಿದಾಸನಿಗೆ ದೀಪಶಿಖಾ ಕಾಳಿದಾಸನೆಂಬ ಹೆಸರು ಬಂದುದು ರಘುವಂಶದ ಆರನೆಯ ಸರ್ಗದಲ್ಲಿರುವ ಒಂದು ಉಪಮಾನದಿಂದ. ಸ್ವಯಂವರದಲ್ಲಿ ಇಂದುಮತಿಯು ರಾತ್ರಿಯ ರಾಜಬೀದಿಯಲ್ಲಿ ನಡೆಯುವ ದೀಪದಂತೆ ಸಾಗಿದಳೆಂದೂ, ಆಕೆ ದಾಟಿಹೋದ ಅರಸನು ದೀಪ ಸರಿದ ಮೇಲೆ ಕಪ್ಪಾಗುವ ಮಹಡಿಯಂತೆ ಆದನೆಂದೂ ಅಲ್ಲಿ ಹೇಳಿದೆ. ನಡೆಯುವ ದೀಪದ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಸಾಧ್ಯವಿಲ್ಲ. ಅದು ಮುಂದಿನದನ್ನು ತೋರಿಸುತ್ತದೆ, ಹಿಂದಿನದನ್ನು ಮುಳುಗಿಸುತ್ತದೆ. ಮುಂದೆ ಹೋಗುವವನ ದೀಪವು ಹಿಂದೆ ಬರುವವರಿಗೆ ಉಪಯೋಗವಿಲ್ಲ. ಆದುದರಿಂದ ನಡೆಯುವವರಿಬ್ಬರಾದರೆ ದೀಪವೂ ಎರಡಿರಬೇಕು.

ಇಂಥ ದೀಪವು ವಿನೋದಕ್ಕಾಗಿ ಬೆಟ್ಟ ಹತ್ತುವವರ ಬೆಡಗಿನ ಸಾಮಾನೆಂದು ಯಾರಾದರೂ ಆಕ್ಷೇಪಿಸಬಹುದು. ಅವರು ನಮ್ಮ ಹೊಲಗದ್ದೆಗಳ ಕಡೆ ನೋಡಲಿ. ಪಂಪುಸೆಟ್ಟಿಗೆ ಬೇಕಾದ ವಿದ್ಯುತ್ತು ರಾತ್ರಿಯ ಪಾಳಿಯಲ್ಲಿ ಬಂದು, ನಡುರಾತ್ರಿ ಎದ್ದು ನೀರು ಕಟ್ಟಿದ ರೈತರು ಎಷ್ಟು ಮಂದಿ! ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಬ್ಯಾಟರಿ. ಗುದ್ದಲಿಗೆ ಎರಡೂ ಕೈ ಬೇಕಾದಾಗ ಬ್ಯಾಟರಿ ಬದುವಿನ ಮೇಲೆ, ಕಾಲು ಕತ್ತಲೆಯಲ್ಲಿ. ನಾಗರ, ಕಟ್ಟುಹಾವು, ಕೊಳಕುಮಂಡಲ ಕಾದಿರುವುದು ಅಲ್ಲಿಯೇ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 2000ದಿಂದ 2019ರ ತನಕ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ; ವರ್ಷಕ್ಕೆ ಸರಾಸರಿ 58,000. ಕರ್ನಾಟಕ ಸರ್ಕಾರವು 2024ರಲ್ಲಿ ಹಾವುಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡತಕ್ಕ ವ್ಯಾಧಿಗಳ ಪಟ್ಟಿಗೆ ಸೇರಿಸಿತು. ಮೊಣಕಾಲ ತನಕ ಬೂಟು, ಹೆಜ್ಜೆಯ ಮುಂದೆ ಬೆಳಕು, ಇವೆರಡು ಉಳಿಸಬಹುದಾದ ಪ್ರಾಣಗಳು ಕಡಮೆಯಲ್ಲ. ಕಚ್ಚಿದ ಮೇಲಾದರೋ ಮಂತ್ರಕ್ಕೆ ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸುವುದೊಂದೇ ದಾರಿ.

ನನ್ನ ತಮ್ಮನ ತೆಂಗಿನ ತೋಟದಲ್ಲಿಯೂ ಹಾಗೆಯೇ ರಾತ್ರಿ ನೀರು ಕಟ್ಟುವ ಆಳೊಬ್ಬನಿದ್ದಾನೆ. ಕಳೆದ ವಾರ ಅವನ ಮಾತು ಬಂದಾಗ ನಾನು ಪತ್ನಿಗೆ, “ನೀನು ಚಂದ್ರಶಿಲೆಗೆ ಬರುವುದಿಲ್ಲವೆಂದ ಮೇಲೆ ನಿನ್ನ ದೀಪವನ್ನು ಅವನಿಗೆ ಕೊಡೋಣವೇ? ಅವನ ಪ್ರಾಣಕ್ಕಾದರೂ ಒದಗಲಿ” ಎಂದೆ. ಆಕೆಯನ್ನು ಪರೀಕ್ಷಿಸುವ ಉದ್ದೇಶ ನನಗಿರಲಿಲ್ಲ. ಕಾರ್ಯವು ನ್ಯಾಯವಾಗಿ ತೋರಿತು. ಆಕೆ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಕೆಳಗಿಟ್ಟು, ಮುರಿದು ಕೂಡಿದ್ದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು.

“ಅವನಿಗೆ ಕೊಡಬೇಕಾದದ್ದೇ. ಆದರೆ ನನ್ನದನ್ನೇಕೆ ಕೊಡುವುದು? ಮೂರನೆಯದೊಂದಕ್ಕೆ ಹೇಳಿಬಿಡಿ” ಎಂದಳು.

ನಾನು ಮತ್ತೇನನ್ನೂ ಕೇಳಲಿಲ್ಲ. ಅಂದೇ ಮೂರನೆಯದಕ್ಕೂ ಹಣ ಸಂದಿತು.

ಕತ್ತಲೆಯೆಂಬುದು ಒಂದು ಪದಾರ್ಥವೇ, ಅಥವಾ ಬೆಳಕಿನ ಅಭಾವಕ್ಕೇ ಕತ್ತಲೆಯೆಂದು ಹೆಸರೇ ಎಂದು ನಮ್ಮ ಶಾಸ್ತ್ರಕಾರರು ಬಹುಕಾಲ ವಾದಿಸಿದ್ದಾರೆ. ಭಾಟ್ಟ ಮೀಮಾಂಸಕರು ಅದನ್ನು ದ್ರವ್ಯವೆಂದರು, ವೈಶೇಷಿಕರು ಅಭಾವವೆಂದರು. ಓದಿನಲ್ಲಿ ನಾನು ವೈಶೇಷಿಕರ ಪಕ್ಷ. ಆದರೆ ಮನೆಯೊಳಗೆ ಎರಡು ವರ್ಷ ಹೊಸ್ತಿಲ ಆಚೆ ನಿಂತು ಒಬ್ಬರನ್ನು ತಡೆದಿದ್ದ ಕತ್ತಲೆಯನ್ನು ಬರಿಯ ಅಭಾವವೆಂದು ಹೇಳುವ ಧೈರ್ಯ ನನಗಿಲ್ಲ. ತಡೆಯಬಲ್ಲುದಕ್ಕೆ ತೂಕವೂ ಇದ್ದೇ ಇರಬೇಕು. ಅದರ ಎದುರಿಗೆ ಈಗ 60 ಗ್ರಾಂ ತೂಕದ ಒಂದು ವಸ್ತು ಬರಲಿದೆ. ದೀಪ ಬಂದ ದಿನವೇ ಹಿಮಾಲಯಕ್ಕೆ ಹೊರಡುವುದಾಗುವುದಿಲ್ಲ. ಅದಕ್ಕೆ ಇನ್ನೂ ಎರಡು ತಿಂಗಳುಂಟು. ಅಷ್ಟರಲ್ಲಿ ಅಭ್ಯಾಸ ಬೇಕಲ್ಲವೇ? ಮೊದಲ ರಾತ್ರಿ ಊಟ ಮುಗಿಸಿ, ಹಣೆಗೆ ದೀಪ ಕಟ್ಟಿಕೊಂಡು, ಬೀದಿಯ ಕೊನೆಯ ಅರಳಿಕಟ್ಟೆಯ ತನಕ ಹೋಗಿ ಬರುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಬೀದಿಯವರು ನೋಡಿ ನಕ್ಕರೆ ನಗಲಿ ಎಂದು ಆಕೆಯೇ ಹೇಳಿದ್ದಾಳೆ.